ಡೇಟಾಬೇಸ್‌ಗೆ ಆಡಿಟ್ ಹಾಕಿದರೆ ಎಷ್ಟು ನಿಧಾನ ಆಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಆಡಿಟ್ ಅಂದರೆ ಸಿಎ ಬಂದು ಮಾಡುವ ಲೆಕ್ಕ ತಪಾಸಣೆ ಅಲ್ಲ. ಡೇಟಾಬೇಸ್ ಒಳಗೆ ಯಾರು, ಯಾವಾಗ, ಏನು ನೋಡಿದರು, ಏನು ಬದಲಿಸಿದರು ಅಂತ ಬರೆದಿಡುವ ಕೆಲಸ. ಆ ಸಿಎ ಕೇಳಿದ್ದಕ್ಕೇ ಇದನ್ನು ಆನ್ ಮಾಡುವವರೂ ಬಹಳ ಜನ ಇದ್ದಾರೆ, ಅದು ಬೇರೆ ಮಾತು. ಉದಾಹರಣೆಗಳು ಹೆಚ್ಚಾಗಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನವು. ನಾನು ದಿನಾ ಕೈಯಾಡಿಸುವುದು ಅದರಲ್ಲೇ. ಬೇಕಾದ ಕಡೆ ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಕೂಡ ಬರುತ್ತವೆ.

ಸುತ್ತಿ ಬಳಸಿ ಬೇಡ, ಎಷ್ಟು ಪರ್ಸೆಂಟ್ ನಿಧಾನ ಆಗುತ್ತದೆ ಹೇಳಿ.

ಪರ್ಸೆಂಟ್ ಲೆಕ್ಕದಲ್ಲಿ ಹೇಳುವವರನ್ನು ನಂಬಬೇಡಿ. ಕಾರಣ ಸರಳ. ಲಾಗ್‌ಗೆ ಬರೆಯುವ ಆಡಿಟ್‌ನ ಖರ್ಚು ಪ್ರತಿ ಸ್ಟೇಟ್‌ಮೆಂಟ್‌ಗೆ (ಡೇಟಾಬೇಸ್‌ಗೆ ಕಳಿಸುವ ಒಂದೊಂದು ಆದೇಶಕ್ಕೆ) ಹೆಚ್ಚು ಕಡಿಮೆ ಒಂದೇ ಇರುತ್ತದೆ. ಸ್ಟೇಟ್‌ಮೆಂಟ್‌ನ ಸ್ವಂತ ಖರ್ಚು ಮಾತ್ರ ಆಕಾಶ ಭೂಮಿಯಷ್ಟು ಬೇರೆ.

ಲೆಕ್ಕಕ್ಕೆ ಅಂತ ಒಂದು ಅಂಕಿ ಹಿಡಿಯೋಣ. ಒಂದು ಆಡಿಟ್ ಸಾಲು ಬರೆಯಲು 0.02 ಮಿಲಿಸೆಕೆಂಡ್ ಆಗುತ್ತದೆ ಅಂದುಕೊಳ್ಳಿ. ಪ್ರೈಮರಿ ಕೀ ಹಿಡಿದು ಟೇಬಲ್‌ನ ಒಂದು ಸಾಲು ತರುವ ಸೆಲೆಕ್ಟ್ (ಓದುವ ಆದೇಶ) 0.1 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತಿದ್ದರೆ ಅದಕ್ಕೆ 20 ಪರ್ಸೆಂಟ್ ಏಟು. ತಿಂಗಳ ಕೊನೆಯ ರಿಪೋರ್ಟ್ 2 ಸೆಕೆಂಡ್ ಓಡುತ್ತಿದ್ದರೆ ಅದೇ 0.02 ಲೆಕ್ಕಕ್ಕೇ ಬರುವುದಿಲ್ಲ. ಯಂತ್ರ ಅದೇ, ಸೆಟ್ಟಿಂಗ್ ಅದೇ, ಉತ್ತರ ಮಾತ್ರ ಬೇರೆ. ಹಾಗಾಗಿ ಕೇಳಬೇಕಾದ್ದು "ಆಡಿಟ್ ಎಷ್ಟು ಭಾರ?" ಅಂತ ಅಲ್ಲ. "ಸೆಕೆಂಡಿಗೆ ಎಷ್ಟು ಸಾಲು ಬರೆಸುತ್ತಿದ್ದೀನಿ, ಬರೆಯುವ ತನಕ ಯಾರು ಕಾಯುತ್ತಿದ್ದಾರೆ?" ಅಂತ.

ಕಾಯುವುದು ಅಂದರೆ? ಒಂದು ಸಾಲು ಬರೆಯಲು ಅಷ್ಟೇನು ಹೊತ್ತು?

ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟ್ ನೆನಪಿಸಿಕೊಳ್ಳಿ. ವಾಚ್‌ಮನ್ ಹತ್ತಿರ ಒಂದು ರಿಜಿಸ್ಟರ್, ದಾರ ಕಟ್ಟಿದ ಒಂದು ಪೆನ್ನು. ಹೆಸರು, ಫ್ಲಾಟ್ ನಂಬರ್, ಸಮಯ ಬರೆಯಲು ಹತ್ತು ಸೆಕೆಂಡ್ ಸಾಕು. ಮಧ್ಯಾಹ್ನ ಮೂರಕ್ಕೆ ಯಾರಿಗೂ ತೊಂದರೆ ಇಲ್ಲ. ರಾತ್ರಿ ಎಂಟೂವರೆಗೆ ಊಟ ತಂದ ಡೆಲಿವರಿ ಹುಡುಗರು ಹದಿನೈದು ಜನ ಒಟ್ಟಿಗೆ ಬಂದರೆ? ಬರೆಯುವ ಹೊತ್ತು ಅಷ್ಟೇ ಇದೆ, ಪೆನ್ನಿಗಾಗಿ ಕಾಯುವ ಹೊತ್ತು ಬೆಳೆಯಿತು.

ಡೇಟಾಬೇಸ್‌ನಲ್ಲೂ ಹಾಗೇ. ಸಾಲನ್ನು ಜೋಡಿಸಲು ಸ್ವಲ್ಪ ಸಿಪಿಯು ಹೋಗುತ್ತದೆ, ಅದು ದೊಡ್ಡದಲ್ಲ. ಆಮೇಲೆ ಎಲ್ಲಾ ಕನೆಕ್ಷನ್‌ಗಳೂ ಆ ಸಾಲನ್ನು ಒಂದೇ ಕಡೆ ಕೊಡಬೇಕು. ತೊಂದರೆ ಶುರುವಾಗುವುದು ಅಲ್ಲಿ. ಪೋಸ್ಟ್‌ಗ್ರೆಸ್‌ನಲ್ಲಿ ಆ ಒಂದೇ ಕಡೆಯ ಹೆಸರು ಲಾಗಿಂಗ್ ಕಲೆಕ್ಟರ್. ಎಲ್ಲರೂ ಪೈಪ್‌ಗೆ ಸುರಿಯುತ್ತಾರೆ, ಅದು ಒಂದೇ ಪ್ರೊಸೆಸ್ ಆಗಿ ಫೈಲ್‌ಗೆ ಬರೆಯುತ್ತದೆ. ಒಂದು ಸಾಲೂ ಕಳೆಯಬಾರದು ಅಂತಲೇ ಅದನ್ನು ಮಾಡಿದ್ದಾರೆ. ವಿಪರೀತ ಲೋಡ್ ಬಂದು ಕಲೆಕ್ಟರ್ ಹಿಂದೆ ಬಿದ್ದರೆ, ಕ್ವೆರಿ ಓಡಿಸುವ ಪ್ರೊಸೆಸ್‌ಗಳೇ ನಿಂತು ಕಾಯಬೇಕಾಗುತ್ತದೆ. ಇದು ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲೇ ಇದೆ, ಓದುವವರು ಕಡಿಮೆ ಅಷ್ಟೇ. ಆಪರೇಟಿಂಗ್ ಸಿಸ್ಟಂನ ಲಾಗ್ ಸೇವೆಯಾದ ಸಿಸ್‌ಲಾಗ್‌ಗೆ ಕಳಿಸಿದರೆ ಸ್ವಭಾವ ಉಲ್ಟಾ. ಕೈ ಮೀರಿದರೆ ಅದು ಸಾಲುಗಳನ್ನು ಬೀಳಿಸಿ ಮುಂದೆ ಹೋಗುತ್ತದೆ. ಬೀಳಿಸಿದ ಸಾಲೇ ನಾಳೆ ನಿಮಗೆ ಬೇಕಾದ ಸಾಲು ಆಗಿರಬಹುದು.

ಲಾಗ್ ಸ್ಟೇಟ್‌ಮೆಂಟ್ ಸೆಟ್ಟಿಂಗ್ ಅನ್ನು "ಆಲ್" ಮಾಡಿದರೆ ಆಯಿತಲ್ವಾ? ಪಿಜಿಆಡಿಟ್ ಯಾಕೆ?

ಲಾಗ್ ಸ್ಟೇಟ್‌ಮೆಂಟ್ ಪೋಸ್ಟ್‌ಗ್ರೆಸ್‌ನದೇ ಸೆಟ್ಟಿಂಗ್, ಪಿಜಿಆಡಿಟ್ ಅದಕ್ಕೆ ಸೇರಿಸಿಕೊಳ್ಳುವ ಆಡಿಟ್ ಎಕ್ಸ್‌ಟೆನ್ಷನ್. ಎರಡೂ ಕೊನೆಗೆ ಬರೆಯುವುದು ಅದೇ ಲಾಗ್‌ಗೆ. ಆದ್ದರಿಂದ ಎಲ್ಲವನ್ನೂ ಬರೆಸಿದರೆ ಖರ್ಚಿನ ಜಾತಿ ಒಂದೇ. ವ್ಯತ್ಯಾಸ ಇರುವುದು ಏನು ಸಿಗುತ್ತದೆ, ಏನನ್ನು ಬಿಡಬಹುದು ಅನ್ನುವುದರಲ್ಲಿ.

ಸಾದಾ ಲಾಗ್ ಬಳಕೆದಾರ ಕಳಿಸಿದ ಪಠ್ಯವನ್ನು ಹಾಗೇ ಬರೆಯುತ್ತದೆ. ಒಬ್ಬ ಕಿಲಾಡಿ "ಡು" ಬ್ಲಾಕ್ (ಅಲ್ಲೇ ಬರೆದು ಓಡಿಸುವ ತುಂಡು ಕೋಡ್) ಒಳಗೆ ಟೇಬಲ್ ಹೆಸರನ್ನು ಎರಡು ತುಂಡು ಮಾಡಿ, ಅಂಟಿಸಿ, ಓಡಿಸಿದರೆ ಲಾಗ್‌ನಲ್ಲಿ ಆ ಹೆಸರು ಹುಡುಕಿದರೂ ಸಿಗುವುದಿಲ್ಲ. ಪಿಜಿಆಡಿಟ್ ಒಳಗೆ ನಿಜವಾಗಿ ಓಡಿದ್ದನ್ನು, ಯಾವ ಟೇಬಲ್ ಮೇಲೆ ಅಂತ ಸೇರಿಸಿ ಬರೆಯುತ್ತದೆ. ಜೊತೆಗೆ ಓದುವುದು, ಬರೆಯುವುದು, ಟೇಬಲ್ ರಚನೆ ಬದಲಿಸುವುದು, ಅಧಿಕಾರ ಕೊಡುವುದು ಅಂತ ವರ್ಗ ಮಾಡಿ ಬೇಕಾದ್ದನ್ನು ಮಾತ್ರ ಆರಿಸಬಹುದು. ಒಂದೊಂದು ರೋಲ್‌ಗೆ (ಡೇಟಾಬೇಸ್ ಬಳಕೆದಾರರ ಖಾತೆಗೆ) ಒಂದೊಂದು ಬಗೆಯಲ್ಲೂ ಇಡಬಹುದು. ಸ್ಪೀಡ್ ಉಳಿಸುವ ಕೀಲಿ ಈ ಕೊನೆಯ ಮಾತಿನಲ್ಲಿದೆ. ಅದಕ್ಕೆ ಕೆಳಗೆ ಬರುತ್ತೇನೆ.

ಟ್ರಿಗರ್ ಹಾಕಿ ನಮ್ಮದೇ ಆಡಿಟ್ ಟೇಬಲ್ ಮಾಡಿಕೊಂಡರೆ ಹಗುರ ಅಲ್ವಾ?

ಕೆಲವು ಕಡೆ ಹೌದು, ಕೆಲವು ಕಡೆ ಅದರಷ್ಟು ಭಾರ ಇನ್ನೊಂದಿಲ್ಲ. ಟ್ರಿಗರ್ ಅಂದರೆ ಟೇಬಲ್‌ನಲ್ಲಿ ಬದಲಾವಣೆ ಆದಾಗ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ. ಅದು ಎಣಿಸುವುದು ಟೇಬಲ್‌ನ ಸಾಲುಗಳನ್ನು. ಪಿಜಿಆಡಿಟ್ ಎಣಿಸುವುದು ಸ್ಟೇಟ್‌ಮೆಂಟ್‌ಗಳನ್ನು. ಇಷ್ಟು ನೆನಪಿಟ್ಟರೆ ಅರ್ಧ ಗೊಂದಲ ಹೋಗುತ್ತದೆ.

ಒಂದು ಅಪ್‌ಡೇಟ್ 10 ಲಕ್ಷ ಸಾಲು ಬದಲಿಸಿತು ಅನ್ನಿ. ಪಿಜಿಆಡಿಟ್ ಬರೆಯುವುದು ಒಂದು ಸಾಲು. ಪ್ರತಿ ಸಾಲಿಗೂ ಹಾರುವ ಟ್ರಿಗರ್ ಇದ್ದರೆ 10 ಲಕ್ಷ ಇನ್ಸರ್ಟ್. ಅಷ್ಟೂ ವಾಲ್‌ಗೆ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಪೋಸ್ಟ್‌ಗ್ರೆಸ್‌ನ ಒಳ ದಾಖಲೆಗೆ) ಹೋಗಬೇಕು, ಆಡಿಟ್ ಟೇಬಲ್‌ನ ಇಂಡೆಕ್ಸ್‌ಗಳಿಗೂ ಹೋಗಬೇಕು, ರೆಪ್ಲಿಕಾಗೂ (ಬೇರೆ ಸರ್ವರ್‌ನಲ್ಲಿರುವ ನಕಲಿಗೂ) ಹರಿಯಬೇಕು. ಎಲ್ಲಾ ಅದೇ ಟ್ರಾನ್ಸಾಕ್ಷನ್ ಒಳಗೆ, ಕಮಿಟ್ ಆಗುವ, ಅಂದರೆ ಬದಲಾವಣೆ ಖಾಯಂ ಆಗುವ ಮೊದಲು. ಇನ್ನು ಆಪ್ ದಿನಕ್ಕೆ 10 ಲಕ್ಷ ಸಣ್ಣ ಸೆಲೆಕ್ಟ್ ಮಾಡಿದರೆ ಟ್ರಿಗರ್‌ಗೆ ಅದು ಗೊತ್ತೇ ಆಗುವುದಿಲ್ಲ, ಖರ್ಚು ಸೊನ್ನೆ. ಪಿಜಿಆಡಿಟ್‌ನಲ್ಲಿ ಓದುವುದನ್ನೂ ಆನ್ ಮಾಡಿದ್ದರೆ 10 ಲಕ್ಷ ಸಾಲು.

ಇನ್ನೊಂದು ವಿಷಯ ಸ್ಪೀಡ್‌ಗೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೆ, ಅಂದರೆ ರದ್ದಾದರೆ, ಟ್ರಿಗರ್ ಬರೆದದ್ದೂ ಮಾಯ. ಲಾಗ್ ಫೈಲ್‌ಗೆ ಬಿದ್ದ ಸಾಲು ಹಾಗೇ ಉಳಿಯುತ್ತದೆ. "ಪ್ರಯತ್ನ ಪಟ್ಟವರು ಯಾರು" ಅನ್ನುವುದು ಬೇಕಿದ್ದರೆ ಟ್ರಿಗರ್ ಸಾಲದು. "ಹಳೆಯ ಬೆಲೆ ಎಷ್ಟಿತ್ತು, ಹೊಸದು ಎಷ್ಟು" ಅನ್ನುವುದು ಬೇಕಿದ್ದರೆ ಲಾಗ್ ಸಾಲದು.

ಟ್ರಿಗರ್ ಬಿಡೋಕೆ ಆಗಲ್ಲ. ಅದನ್ನೇ ಹಗುರ ಮಾಡುವುದು ಹೇಗೆ?

ಮೊದಲು, ಏನೂ ಬದಲಾಗದ ಅಪ್‌ಡೇಟ್‌ಗಳನ್ನು ತಡೆಯಿರಿ. ಫಾರ್ಮ್ ತೆರೆದು ಸುಮ್ನೆ "ಸೇವ್" ಒತ್ತುವ ಬಳಕೆದಾರರು ಎಲ್ಲಾ ಆಫೀಸ್‌ನಲ್ಲೂ ಇದ್ದಾರೆ. ಟ್ರಿಗರ್‌ನ "ವೆನ್" ಷರತ್ತಿನಲ್ಲಿ ಹಳೆಯ ಸಾಲು ಹೊಸ ಸಾಲಿಗಿಂತ ಬೇರೆ ಇದ್ದರೆ ಮಾತ್ರ ಓಡು ಅಂತ ಹಾಕಿ. ಮುಖ್ಯವಾದ ಒಂದೆರಡು ಕಾಲಂ ಮಾತ್ರ ಸಾಕಾದರೆ ಅವನ್ನೇ ಹೆಸರಿಸಿ.

ದೊಡ್ಡ ಬ್ಯಾಚ್ ಕೆಲಸ ಇದ್ದರೆ ಸ್ಟೇಟ್‌ಮೆಂಟ್ ಮಟ್ಟದ ಟ್ರಿಗರ್ ನೋಡಿ. ಪೋಸ್ಟ್‌ಗ್ರೆಸ್ 10ರಿಂದ ಟ್ರಾನ್ಸಿಷನ್ ಟೇಬಲ್ ಅನ್ನುವ ಸೌಲಭ್ಯ ಇದೆ. ಬದಲಾದ ಸಾಲುಗಳೆಲ್ಲ ಒಂದು ಗಂಟಾಗಿ ಸಿಗುತ್ತವೆ, ಒಂದೇ ಇನ್ಸರ್ಟ್‌ನಲ್ಲಿ ಸುರಿಯಬಹುದು. ಸಾಲುಗಳ ಸಂಖ್ಯೆ ಅಷ್ಟೇ ಇದ್ದರೂ ಫಂಕ್ಷನ್ ಅನ್ನು 10 ಲಕ್ಷ ಸಲ ಕರೆಯುವ ಕೆಲಸ ತಪ್ಪುತ್ತದೆ.

ಆಡಿಟ್ ಟೇಬಲ್‌ಗೆ ಇಂಡೆಕ್ಸ್ ಮೇಲೆ ಇಂಡೆಕ್ಸ್ ಹಾಕಬೇಡಿ. ಅದನ್ನು ವರ್ಷಕ್ಕೆ ನಾಲ್ಕು ಸಲ ಓದುತ್ತೀರಿ, ಬರೆಯುವುದು ಸೆಕೆಂಡಿಗೆ ನೂರು ಸಲ. ಸಮಯದ ಕಾಲಂ ಮೇಲೆ ಒಂದು ಬ್ರಿನ್ ಇಂಡೆಕ್ಸ್ (ತೀರಾ ಚಿಕ್ಕದಾದ ಒಂದು ಬಗೆಯ ಇಂಡೆಕ್ಸ್) ಬಹಳ ಸಲ ಸಾಕು. ಟೇಬಲ್ ಅನ್ನು ತಿಂಗಳಿಗೊಂದು ಪಾರ್ಟಿಷನ್ ಅಂತ ತುಂಡು ಮಾಡಿ. ಅವಧಿ ಮುಗಿದ ಪಾರ್ಟಿಷನ್ ಅನ್ನು ಡ್ರಾಪ್ ಮಾಡಿದರೆ ಕ್ಷಣದಲ್ಲಿ ಹೋಗುತ್ತದೆ. ಅದೇ ಕೆಲಸವನ್ನು ಡಿಲೀಟ್‌ನಿಂದ ಮಾಡಿದರೆ ಸತ್ತ ಸಾಲುಗಳು ಗುಡ್ಡೆ ಬಿದ್ದು, ವ್ಯಾಕ್ಯೂಮ್ ಬಂದು ಹೊತ್ತೊಯ್ಯುವ ತನಕ ಒದ್ದಾಟ.

ಸೆಲೆಕ್ಟ್‌ಗಳನ್ನೂ ಆಡಿಟ್ ಮಾಡಬೇಕಾ?

ಎಲ್ಲಾ ಟೇಬಲ್‌ಗೂ ಬೇಡ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಾಮೂಲಿ ವೆಬ್ ಆಪ್‌ನಲ್ಲಿ ಬರೆಯುವುದಕ್ಕಿಂತ ಓದುವುದು ಹಲವು ಪಟ್ಟು ಜಾಸ್ತಿ. ಕಣ್ಣು ಮುಚ್ಚಿ ಓದುವುದನ್ನು ಆನ್ ಮಾಡಿದ ದಿನವೇ ಲಾಗ್ ಉಬ್ಬುತ್ತದೆ. ಅದರಲ್ಲಿ ಕನೆಕ್ಷನ್ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ವ್ಯವಸ್ಥೆ) "ಬದುಕಿದ್ದೀಯಾ?" ಅಂತ ಕಳಿಸುವ "ಸೆಲೆಕ್ಟ್ 1" ಎಷ್ಟಿರುತ್ತದೆ ಅಂತ ಒಮ್ಮೆ ಎಣಿಸಿ ನೋಡಿ, ನಗು ಬರುತ್ತದೆ.

ಕೆಲವು ಮಾಹಿತಿಯನ್ನು ನೋಡಿದ್ದೇ ಒಂದು ಘಟನೆ. ಆಧಾರ್ ನಂಬರ್, ಆರೋಗ್ಯದ ದಾಖಲೆ, ಸಂಬಳ. ಅದಕ್ಕೆ ಪಿಜಿಆಡಿಟ್‌ನಲ್ಲಿ ಆಬ್ಜೆಕ್ಟ್ ಆಡಿಟ್ ಇದೆ. ಆಡಿಟರ್ ಅಂತ ಒಂದು ರೋಲ್ ಮಾಡಿ ಅದನ್ನು ಪಿಜಿಆಡಿಟ್‌ಗೆ ತೋರಿಸಿ, ಕಣ್ಣಿಡಬೇಕಾದ ಟೇಬಲ್ ಮೇಲೆ ಆ ರೋಲ್‌ಗೆ ಸೆಲೆಕ್ಟ್ ಗ್ರಾಂಟ್ (ಓದುವ ಅಧಿಕಾರ) ಕೊಡಿ. ಆ ಟೇಬಲ್ ಅನ್ನು ಯಾರು ಓದಿದರೂ ಲಾಗ್‌ಗೆ ಸಾಲು ಬೀಳುತ್ತದೆ, ಬೇರೆ ಟೇಬಲ್‌ಗಳು ಮೌನ. ಒಂದೇ ಕಾಲಂಗೂ ಗ್ರಾಂಟ್ ಕೊಡಬಹುದು. ಒರಾಕಲ್‌ನಲ್ಲಿ ಇದೇ ಕೆಲಸಕ್ಕೆ ಫೈನ್ ಗ್ರೇನ್ಡ್ ಆಡಿಟಿಂಗ್ 9ಐ ಕಾಲದಿಂದ ಇದೆ. ಯಾವ ಕಾಲಂ, ಯಾವ ಷರತ್ತು ಅಂತ ಪಾಲಿಸಿಯಲ್ಲೇ ಹೇಳಬಹುದು.

ಒಂದು ಗುಂಡಿ ಇದೆ, ನೋಡಿ ನಡೆಯಿರಿ. ಪಿಜಿಆಡಿಟ್‌ನಲ್ಲಿ "ಲಾಗ್ ರಿಲೇಷನ್" ಆನ್ ಮಾಡಿದರೆ ಸ್ಟೇಟ್‌ಮೆಂಟ್ ಮುಟ್ಟಿದ ಪ್ರತಿ ಟೇಬಲ್‌ಗೂ ಒಂದೊಂದು ಸಾಲು. ಆರು ಟೇಬಲ್ ಜಾಯಿನ್ ಮಾಡುವ ಕ್ವೆರಿ ಆರು ಸಾಲು ಉಗುಳುತ್ತದೆ. ಪ್ರತಿ ಸಾಲಿನಲ್ಲೂ ಕ್ವೆರಿಯ ಪೂರ್ತಿ ಪಠ್ಯ ಬೇಡ ಅಂದರೆ "ಸ್ಟೇಟ್‌ಮೆಂಟ್ ವನ್ಸ್" ಸೆಟ್ಟಿಂಗ್ ಹಾಕಿ, ಒಮ್ಮೆ ಮಾತ್ರ ಬರೆಯುತ್ತದೆ. "ಲಾಗ್ ಕ್ಯಾಟಲಾಗ್" ಆಫ್ ಮಾಡಿದರೆ ಪಿಜಿಅಡ್ಮಿನ್‌ನಂಥ ಟೂಲ್‌ಗಳು ತಮ್ಮ ಪಾಡಿಗೆ ಸಿಸ್ಟಂ ಟೇಬಲ್ ಕೆದಕುವ ಗದ್ದಲ ತಗ್ಗುತ್ತದೆ.

ಡಿಸ್ಕ್ ಎಷ್ಟು ಬೇಕು?

ಗುಣಾಕಾರ ಮಾಡಿ, ಊಹೆ ಬೇಡ. ಸೆಕೆಂಡಿಗೆ 2,000 ಸ್ಟೇಟ್‌ಮೆಂಟ್, ಒಂದೊಂದು ಸಾಲು 500 ಬೈಟ್ ಅಂದರೆ ಸೆಕೆಂಡಿಗೆ 1 ಎಂಬಿ. ದಿನಕ್ಕೆ 86,400 ಸೆಕೆಂಡ್. ಹೆಚ್ಚು ಕಡಿಮೆ 86 ಜಿಬಿ. 180 ದಿನ ಇಟ್ಟರೆ 15 ಟಿಬಿಗಿಂತ ಮೇಲೆ. ಅದರಲ್ಲಿ ಬರೆಯುವ ಸ್ಟೇಟ್‌ಮೆಂಟ್‌ಗಳು ಹತ್ತರಲ್ಲಿ ಒಂದು ಇದ್ದು ಅವನ್ನು ಮಾತ್ರ ಇಟ್ಟರೆ ದಿನಕ್ಕೆ 9 ಜಿಬಿ ಒಳಗೆ. ಲಾಗ್ ಪಠ್ಯ ಚೆನ್ನಾಗಿ ಕುಗ್ಗುತ್ತದೆ, ಹಾಗಾಗಿ ಹಳೆಯದನ್ನು ಕಂಪ್ರೆಸ್ ಮಾಡಿ ಅಗ್ಗದ ಸ್ಟೋರೇಜ್‌ಗೆ ದಬ್ಬಿ.

180 ದಿನ ಅಂತ ಯಾಕೆ ಹಿಡಿದಿರಿ? ಕಾನೂನು ಏನನ್ನುತ್ತದೆ?

ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಐಸಿಟಿ (ಕಂಪ್ಯೂಟರ್, ಸಂವಹನ) ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಡಬೇಕು ಅಂತಿದೆ. ಪಾವತಿ ಕಾರ್ಡ್ ಮಾಹಿತಿ ಮುಟ್ಟುವವರಿಗೆ ಕಾರ್ಡ್ ಉದ್ಯಮದ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್ ಪ್ರಕಾರ 12 ತಿಂಗಳು, ಅದರಲ್ಲಿ ಕೊನೆಯ 3 ತಿಂಗಳದ್ದು ಕೇಳಿದ ಕೂಡಲೇ ಕೈಗೆ ಸಿಗಬೇಕು.

ಲೆಕ್ಕಪತ್ರದ ಸಾಫ್ಟ್‌ವೇರ್ ಬಳಸುವ ಕಂಪನಿಗಳಿಗೆ ಇನ್ನೊಂದಿದೆ. 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ಎಡಿಟ್ ಲಾಗ್ ಇಡುವ, ಆಫ್ ಮಾಡಲು ಬಾರದ ಸಾಫ್ಟ್‌ವೇರ್ ಅನ್ನೇ ಬಳಸಬೇಕು. ಲೆಕ್ಕದ ಪುಸ್ತಕಗಳನ್ನು ಇಡಬೇಕಾದ ಅವಧಿ 8 ಹಣಕಾಸು ವರ್ಷ. ಇದು ಬಂದ ಮೊದಲ ವರ್ಷ, ಅಂದರೆ 2023-24ರಲ್ಲಿ, ಹಲವು ಕಂಪನಿಗಳ ಆಡಿಟ್ ವರದಿಯಲ್ಲಿ ಒಂದೇ ಬಗೆಯ ಮಾತು ಬಂತು. ಆಪ್ ಮಟ್ಟದಲ್ಲಿ ಲಾಗ್ ಇದೆ, ಡೇಟಾಬೇಸ್‌ಗೇ ನೇರವಾಗಿ ಕೈ ಹಾಕಿ ಮಾಡುವ ಬದಲಾವಣೆಗೆ ಲಾಗ್ ಆನ್ ಆಗಿಲ್ಲ ಅಂತ. "ಆನ್ ಮಾಡಿದರೆ ಸ್ಪೀಡ್ ಬೀಳುತ್ತದೆ" ಅನ್ನುವ ಸಬೂಬು ನಾನೂ ಕೇಳಿದ್ದೇನೆ. ಆ ಸಬೂಬು ನಿಲ್ಲುವುದಿಲ್ಲ. ಮುಂದಿನ ಉತ್ತರ ನೋಡಿ.

ಹಾಗಾದರೆ ಸ್ಪೀಡ್ ಕೆಡದ ಹಾಗೆ ಡೇಟಾಬೇಸ್ ಮಟ್ಟದ ಆಡಿಟ್ ಇಡುವುದು ಹೇಗೆ?

ಮನುಷ್ಯರನ್ನು ಪೂರ್ತಿ ಬರೆಯಿರಿ, ಆಪ್ ಅನ್ನು ಆರಿಸಿ ಬರೆಯಿರಿ.

ಸೆಕೆಂಡಿಗೆ 2,000 ಸ್ಟೇಟ್‌ಮೆಂಟ್ ಕಳಿಸುವುದು ಆಪ್. ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು), ಸಪೋರ್ಟ್ ಹುಡುಗರು, ರಾತ್ರಿ ಹನ್ನೊಂದಕ್ಕೆ "ಒಂದೇ ಒಂದು ಸಾಲು ಸರಿಮಾಡ್ತೀನಿ" ಅಂತ ಲಾಗಿನ್ ಆಗುವ ಡೆವಲಪರ್, ಇವರೆಲ್ಲ ಸೇರಿ ದಿನಕ್ಕೆ ಕೆಲವು ಸಾವಿರ ಸ್ಟೇಟ್‌ಮೆಂಟ್ ಟೈಪ್ ಮಾಡಿದರೆ ಹೆಚ್ಚು. ಪ್ರೊಡಕ್ಷನ್‌ನಲ್ಲಿ ತಪ್ಪು, ಮೋಸ ಎರಡಕ್ಕೂ ಸುಲಭದ ಬಾಗಿಲು ಈ ಎರಡನೇ ಗುಂಪಿನದು. ಆದ್ದರಿಂದ ಮನುಷ್ಯರ ರೋಲ್‌ಗಳಿಗೆ ಪಿಜಿಆಡಿಟ್ "ಆಲ್", ಆಪ್‌ನ ರೋಲ್‌ಗೆ ರಚನೆ ಬದಲಾವಣೆ, ಅಧಿಕಾರ ಬದಲಾವಣೆ, ಮತ್ತು ಸೂಕ್ಷ್ಮ ಟೇಬಲ್‌ಗಳ ಆಬ್ಜೆಕ್ಟ್ ಆಡಿಟ್. ಈ ಜೋಡಣೆಯಲ್ಲಿ ನಿಧಾನವಾಯಿತು ಅಂತ ನನಗೆ ಇದುವರೆಗೆ ಯಾರೂ ಫೋನ್ ಮಾಡಿಲ್ಲ.

ಇದು ನಡೆಯಬೇಕಾದರೆ ಆಪ್‌ನ ಪಾಸ್‌ವರ್ಡ್ ಬಳಸಿ ಮನುಷ್ಯರು ಲಾಗಿನ್ ಆಗಬಾರದು. ಸೆಟ್ಟಿಂಗ್ ಹಾಕಲು ಹತ್ತು ನಿಮಿಷ, ಈ ಅಭ್ಯಾಸ ಬಿಡಿಸಲು ಆರು ತಿಂಗಳು.

ಆಪ್‌ನ ಎಲ್ಲಾ ಸಾಲಿನಲ್ಲೂ ಒಂದೇ ಬಳಕೆದಾರನ ಹೆಸರು ಬರುತ್ತದೆ. ಇದರಿಂದ ಏನು ಪ್ರಯೋಜನ?

ಪೂಲ್ ಇದ್ದ ಕಡೆ ಹಾಗೇ. ಟ್ರಾನ್ಸಾಕ್ಷನ್ ಶುರುವಿನಲ್ಲಿ "ಸೆಟ್ ಲೋಕಲ್" ಮಾಡಿ ನಿಜವಾದ ಬಳಕೆದಾರರ ಐಡಿ ಇಟ್ಟರೆ ಟ್ರಿಗರ್ ಅದನ್ನು ಓದಿಕೊಳ್ಳುತ್ತದೆ. ಪಿಜಿಬೌನ್ಸರ್ ಅನ್ನುವ ಪೂಲ್‌ನ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಸಾದಾ "ಸೆಟ್" ಬೇಡ, ಒಬ್ಬರ ಹೆಸರು ಇನ್ನೊಬ್ಬರ ತಲೆಗೆ ಅಂಟುತ್ತದೆ. ಇದಕ್ಕೂ ಖರ್ಚಿದೆ. ಪ್ರತಿ ಟ್ರಾನ್ಸಾಕ್ಷನ್‌ಗೂ ಒಂದು ಹೆಚ್ಚಿನ ಓಡಾಟ. ಆಪ್ ಮತ್ತು ಡೇಟಾಬೇಸ್ ಬೇರೆ ಬೇರೆ ಊರಲ್ಲಿದ್ದರೆ ಆಡಿಟ್‌ಗಿಂತ ಈ ಓಡಾಟವೇ ಜಾಸ್ತಿ ಕಚ್ಚುತ್ತದೆ. ಒರಾಕಲ್‌ನಲ್ಲಿ ಕ್ಲೈಂಟ್ ಐಡೆಂಟಿಫೈಯರ್, ಎಸ್‌ಕ್ಯೂಎಲ್ ಸರ್ವರ್ 2016ರಿಂದ ಸೆಷನ್ ಕಾಂಟೆಕ್ಸ್ಟ್ ಇದೇ ಕೆಲಸ ಮಾಡುತ್ತವೆ.

ಆಡಿಟ್ ಅನ್ನು ಅಸಿಂಕ್ ಮಾಡಿದರೆ ಖರ್ಚೇ ಇಲ್ಲ ಅನ್ನುತ್ತಾರಲ್ಲ?

ಅಸಿಂಕ್ ಅಂದರೆ ಆಡಿಟ್ ಸಾಲು ಬರೆಯುವ ತನಕ ಕಾಯದೆ ಮುಂದೆ ಹೋಗುವುದು, ಸಿಂಕ್ ಅಂದರೆ ಕಾಯುವುದು. ಅಸಿಂಕ್‌ನಲ್ಲಿ ಖರ್ಚು ಕಡಿಮೆ ಆಗುತ್ತದೆ, ಬದಲಿಗೆ ಅಪಾಯ ಬರುತ್ತದೆ. ಎಸ್‌ಕ್ಯೂಎಲ್ ಸರ್ವರ್ ಆಡಿಟ್‌ನಲ್ಲಿ ಕ್ಯೂ ಡಿಲೇ (ಬರೆಯುವುದನ್ನು ಮುಂದೂಡಬಹುದಾದ ಹೊತ್ತು) ಡೀಫಾಲ್ಟ್ 1000 ಮಿಲಿಸೆಕೆಂಡ್. ಸೊನ್ನೆ ಇಟ್ಟರೆ ಬರೆದ ಮೇಲೆಯೇ ಮುಂದಿನ ಹೆಜ್ಜೆ. ಮೈಎಸ್‌ಕ್ಯೂಎಲ್ ಎಂಟರ್‌ಪ್ರೈಸ್ ಆಡಿಟ್‌ನಲ್ಲಿ ನಾಲ್ಕು ಬಗೆ ಇವೆ. ಅದರಲ್ಲಿ "ಪರ್ಫಾರ್ಮೆನ್ಸ್" ಅನ್ನುವುದು ಬಫರ್ ತುಂಬಿದರೆ ಸಾಲುಗಳನ್ನು ಬಿಟ್ಟುಬಿಡುತ್ತದೆ. ಹೆಸರು ಚೆನ್ನಾಗಿದೆ ಅಂತ ಆರಿಸಿಕೊಂಡವರಿಗೆ ಇದು ಆಮೇಲೆ ಗೊತ್ತಾಗುತ್ತದೆ. ಒರಾಕಲ್ 12.1ರಲ್ಲಿ ಯೂನಿಫೈಡ್ ಆಡಿಟಿಂಗ್ ಬಂದಾಗ ಮೆಮೊರಿಯಲ್ಲಿ ಸಾಲು ಹಿಡಿದಿಟ್ಟು ಆಮೇಲೆ ಬರೆಯುವ ಮೋಡ್ ಇತ್ತು. ಸರ್ವರ್ ಬಿದ್ದರೆ ಹಿಡಿದಿಟ್ಟದ್ದು ಹೋಗುವ ಭಯ. 12.2ರಲ್ಲಿ ಆ ಮೋಡ್ ಅನ್ನು ಹಿಂದಕ್ಕೆ ಸರಿಸಿದರು.

ನನ್ನ ಮಾತು ಕೇಳಿದರೆ, ಹಣ ಓಡಾಡುವ ಕಡೆ ಸಿಂಕ್ ಇಡಿ, ಬರೆಸುವ ಸಾಲು ಕಡಿಮೆ ಮಾಡಿ. ಎಲ್ಲವನ್ನೂ ಅರೆಬರೆ ಬರೆಯುವುದಕ್ಕಿಂತ ಬೇಕಾದ್ದನ್ನು ಗಟ್ಟಿಯಾಗಿ ಬರೆಯುವುದು ಮೇಲು.

ಆಡಿಟ್ ಲಾಗ್‌ನ ಡಿಸ್ಕ್ ತುಂಬಿದರೆ ಏನಾಗುತ್ತದೆ?

ಇದು ನಮಗೇ ಆಗಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಫೋಲ್ಡರ್ ಡೀಫಾಲ್ಟಾಗಿ ಡೇಟಾ ಫೋಲ್ಡರ್ ಒಳಗೇ ಇರುತ್ತದೆ. ಹಿಂದೆ ಕೆಲಸ ಮಾಡಿದ ಒಂದು ಕಡೆ ಶುಕ್ರವಾರ ಸಂಜೆ "ಎಲ್ಲಾ ಬರೆಸೋಣ" ಅಂತ ಆನ್ ಮಾಡಿ ಮನೆಗೆ ಹೋದೆವು. ಆನ್ ಮಾಡಿದ್ದು ನಾನೇ. ಶನಿವಾರ ಬೆಳಗಿನ ಜಾವ ಡಿಸ್ಕ್ ತುಂಬಿತು. ಲಾಗ್, ಡೇಟಾ, ವಾಲ್ ಎಲ್ಲಾ ಒಂದೇ ಡಿಸ್ಕ್. ವಾಲ್ ಬರೆಯಲು ಜಾಗ ಇಲ್ಲದೆ ಡೇಟಾಬೇಸ್ ಪ್ಯಾನಿಕ್ ಆಗಿ ಮಲಗಿತು. ಆಡಿಟ್‌ನಿಂದ ನಿಧಾನವಾಗುತ್ತದೆ ಅಂತ ಅಳೆದು ನೋಡಿದ್ದೆವು, ನಿಂತೇ ಹೋಗುತ್ತದೆ ಅಂತ ಯೋಚಿಸಿರಲಿಲ್ಲ. ಅಂದಿನಿಂದ ಲಾಗ್‌ಗೆ ಬೇರೆ ಡಿಸ್ಕ್, 70 ಪರ್ಸೆಂಟ್‌ಗೆ ಅಲಾರಂ.

ಒರಾಕಲ್‌ನ ಹಳೆಯ ಆಡಿಟಿಂಗ್‌ನಲ್ಲಿ ಸಾಲುಗಳು ಹೋಗುತ್ತಿದ್ದ ಟೇಬಲ್ ಡೀಫಾಲ್ಟಾಗಿ ಸಿಸ್ಟಂ ಟೇಬಲ್‌ಸ್ಪೇಸ್‌ನಲ್ಲಿತ್ತು. ಅದು ತುಂಬಿದರೆ ಜನ ಲಾಗಿನ್ ಆಗುವುದಕ್ಕೂ ಆಗುತ್ತಿರಲಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದನ್ನು ನೀವೇ ತೀರ್ಮಾನಿಸಬಹುದು. ಬರೆಯಲು ಆಗದಿದ್ದರೆ ಮುಂದುವರಿ, ಆ ಕೆಲಸವನ್ನು ಮಾತ್ರ ತಡೆ, ಅಥವಾ ಸರ್ವರನ್ನೇ ಮುಚ್ಚು. ಮೂರನೆಯದನ್ನು ಒತ್ತುವ ಮೊದಲು ನಿಮ್ಮ ಬಾಸ್‌ಗೆ ಬರಹದಲ್ಲಿ ಕೇಳಿ.

ವಾಲ್ ಓದುವ ಡೆಬೀಜಿಯಂ ತರಹದ ಟೂಲ್ ಪುಕ್ಕಟೆ ಆಡಿಟ್ ಕೊಡುತ್ತದಲ್ವಾ?

ಕ್ವೆರಿಯ ದಾರಿಯಲ್ಲಿ ಅಡ್ಡ ನಿಲ್ಲುವುದಿಲ್ಲ, ಅದು ನಿಜ. ಆದರೆ ಸೆಲೆಕ್ಟ್ ಕಾಣುವುದಿಲ್ಲ, ಯಾರು ಮಾಡಿದರು ಅನ್ನುವುದೂ ವಾಲ್‌ನಲ್ಲಿ ಇರುವುದಿಲ್ಲ. ಹಳೆಯ ಸಾಲಿನ ಎಲ್ಲಾ ಕಾಲಂ ಬೇಕಿದ್ದರೆ ಟೇಬಲ್‌ನ ರೆಪ್ಲಿಕಾ ಐಡೆಂಟಿಟಿ ಸೆಟ್ಟಿಂಗ್ ಅನ್ನು "ಫುಲ್" ಮಾಡಬೇಕು, ಆಗ ವಾಲ್ ದಪ್ಪ ಆಗುತ್ತದೆ. ಓದುವ ಟೂಲ್ ಕೆಟ್ಟು ನಿಂತರೆ ರೆಪ್ಲಿಕೇಷನ್ ಸ್ಲಾಟ್ (ಟೂಲ್ ಎಲ್ಲಿಯ ತನಕ ಓದಿದೆ ಅನ್ನುವ ಗುರುತು) ವಾಲ್ ಅನ್ನು ಬಿಡದೆ ಹಿಡಿದುಕೊಳ್ಳುತ್ತದೆ, ಮತ್ತೆ ಅದೇ ಡಿಸ್ಕ್ ಕತೆ. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ಮಿತಿ ಹಾಕಬಹುದು.

ರೆಪ್ಲಿಕಾದಲ್ಲಿ ಓದುವವರ ಆಡಿಟ್?

ಟ್ರಿಗರ್ ಅಲ್ಲಿ ಓಡುವುದಿಲ್ಲ. ಪಿಜಿಆಡಿಟ್ ಓಡುತ್ತದೆ, ಆದರೆ ಲೈಬ್ರರಿ ಲೋಡ್ ಮಾಡುವ ಸೆಟ್ಟಿಂಗ್ ಫೈಲ್ ರೆಪ್ಲಿಕಾಗೆ ತಾನಾಗಿ ಹೋಗುವುದಿಲ್ಲ. ಪ್ರೈಮರಿಯಲ್ಲಿ (ಮುಖ್ಯ ಸರ್ವರ್‌ನಲ್ಲಿ) ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟವರನ್ನು ಬಹಳ ನೋಡಿದ್ದೇನೆ.

ನಾವೇ ಅಳೆಯುವುದು ಹೇಗೆ?

ಪೋಸ್ಟ್‌ಗ್ರೆಸ್‌ನ ವೇಗ ಅಳೆಯುವ ಟೂಲ್ ಪಿಜಿಬೆಂಚ್‌ನಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ. ಅದರ ಸೆಲೆಕ್ಟ್ ಮಾತ್ರದ ಪರೀಕ್ಷೆ ತೀರಾ ಚಿಕ್ಕ ಕ್ವೆರಿಗಳದು, ಆದ್ದರಿಂದ ಏಟು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಮ್ಮದೇ ಆಪ್‌ನ ನಿಜವಾದ ಕ್ವೆರಿಗಳನ್ನು ಫೈಲ್‌ಗೆ ಹಾಕಿ ಅದೇ ಪಿಜಿಬೆಂಚ್‌ಗೆ ಕೊಡಿ. ಆಡಿಟ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ. ಐದು ನಿಮಿಷ ಓಡಿಸಿ ಬಿಟ್ಟರೆ ಸಾಲದು, ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕ್‌ಗೆ ಇಳಿಸುವ ಸುತ್ತು) ಕೆಲವು ಸಲ ಹಾದು ಹೋಗುವಷ್ಟು ಹೊತ್ತು ಓಡಲಿ. ಸರಾಸರಿ ನೋಡಿ ಸಮಾಧಾನ ಪಡಬೇಡಿ. ನೂರರಲ್ಲಿ ತೀರಾ ನಿಧಾನವಾದ ಆ ಒಂದು ಕ್ವೆರಿ ಎಷ್ಟು ತೆಗೆದುಕೊಂಡಿತು ನೋಡಿ. ಗೇಟಿನ ಸಾಲು ಉದ್ದವಾದದ್ದು ಮೊದಲು ಅಲ್ಲಿ ಕಾಣುತ್ತದೆ.

ದೊಡ್ಡ ಡೇಟಾ ಲೋಡ್ ಮಾಡುವಾಗ ಆಡಿಟ್ ಆಫ್ ಮಾಡಬಹುದಾ?

ಪಿಜಿಆಡಿಟ್ ಆದರೆ ಅಗತ್ಯವೇ ಇಲ್ಲ. ಒಂದು "ಕಾಪಿ" ಕಮಾಂಡ್ ಎಷ್ಟು ಲಕ್ಷ ಸಾಲು ತುಂಬಿದರೂ ಲಾಗ್‌ನಲ್ಲಿ ಒಂದೇ ಸ್ಟೇಟ್‌ಮೆಂಟ್. ಟ್ರಿಗರ್ ಆದರೆ ಆಸೆ ಹುಟ್ಟುತ್ತದೆ. ಲೆಕ್ಕಪತ್ರದ ಟೇಬಲ್‌ಗಳಲ್ಲಿ ಮುಟ್ಟಬೇಡಿ, ಆಫ್ ಮಾಡಲು ಬರಬಾರದು ಅಂತಲೇ ನಿಯಮ. ಬೇರೆ ಕಡೆ ಆಫ್ ಮಾಡಲೇಬೇಕಾದರೆ ಯಾರು ಹೇಳಿದರು, ಎಷ್ಟು ಹೊತ್ತಿಗೆ ಆಫ್ ಮಾಡಿ ಎಷ್ಟು ಹೊತ್ತಿಗೆ ಆನ್ ಮಾಡಿದಿರಿ ಅಂತ ಟಿಕೆಟ್‌ನಲ್ಲಿ ಬರೆಯಿರಿ. ಮತ್ತೆ ಆನ್ ಮಾಡುವ ಕಮಾಂಡ್ ಅನ್ನು ಅದೇ ಸ್ಕ್ರಿಪ್ಟ್‌ನ ಕೊನೆಗೆ ಹಾಕಿ. ಊಟ ಮುಗಿಸಿ ಬಂದು ಮಾಡ್ತೀನಿ ಅಂದುಕೊಂಡರೆ ಮರೆತೇ ಹೋಗುತ್ತದೆ.